ರಾಬಿನ್ ಎಸ್. ಹಾಡಿದ 'ಶೋ ಮಿ ಲವ್': ಕ್ಲಬ್ ಮಿಕ್ಸ್ ಹಾಕಿ, ಉಳಿದದ್ದು ಆಮೇಲೆ

ಮೊದಲೇ ಹೇಳಿಬಿಡ್ತೀನಿ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ 'ಶೋ ಮಿ ಲವ್' ಅಂತ ಹುಡುಕಿದರೆ ಒಂದು ರಾಶಿ ಬಂದು ಬೀಳುತ್ತದೆ. ರೇಡಿಯೋಗೆ ಅಂತ ಚಿಕ್ಕದು ಮಾಡಿದ ರೇಡಿಯೋ ಎಡಿಟ್, ದನಿ ಕಡಿಮೆ ಮಾಡಿದ ಡಬ್, ಆಮೇಲೆ ಬಂದವರು ಮಾಡಿದ ಹತ್ತಾರು ರೀಮಿಕ್ಸ್. ಅದ್ಯಾವುದನ್ನೂ ಮುಟ್ಟಬೇಡಿ. ಸೀದಾ ಡಿಜೆ ಸ್ಟೋನ್‌ಬ್ರಿಡ್ಜ್ ಹೆಸರಿರುವ, ಡಾನ್ಸ್ ಕ್ಲಬ್ಬಿಗೆ ಅಂತ ಮಾಡಿದ ಉದ್ದದ ಕ್ಲಬ್ ಮಿಕ್ಸ್ ಹಾಕಿ. ಗೆಳೆಯರು ಸೇರಿದಾಗ ಹಾಡು ಹಾಕುವ ಕೆಲಸ ಯಾವಾಗಲೂ ನನ್ನ ತಲೆಗೇ ಬರುತ್ತದೆ. ಕುಂತವರನ್ನು ಎಬ್ಬಿಸಬೇಕು ಅಂದಾಗ ನಾನು ನಂಬುವುದು ಈ ಒಂದು ಸಿಂಗಲ್ ಅನ್ನು.

ಹಾಡಿದ್ದು ನ್ಯೂಯಾರ್ಕ್‌ನ ರಾಬಿನ್ ಎಸ್. ಬರೆದವರು ಅಲೆನ್ ಜಾರ್ಜ್ ಮತ್ತು ಫ್ರೆಡ್ ಮ್ಯಾಕ್‌ಫಾರ್ಲೇನ್. 1990ರಲ್ಲಿ ಮೊದಲ ಸಲ ಬಂದಾಗ ಹಾಡು ಹೆಚ್ಚೇನೂ ಸದ್ದು ಮಾಡಲಿಲ್ಲ. ಆ ಹಳೇ ರೂಪವನ್ನು ಈಗ ಕೇಳಿದರೆ ಕೆಟ್ಟದೇನೂ ಅನ್ನಿಸುವುದಿಲ್ಲ. ಆದರೆ ಆ ಕಾಲದ ಎಷ್ಟೋ ಹಾಡುಗಳ ನಡುವೆ ಇಟ್ಟರೆ ಇದೇ ಅದು ಅಂತ ಗುರುತು ಹಿಡಿಯುವುದು ಕಷ್ಟ.

ಹಾಡಿನ ಹಣೆಬರಹ ಬದಲಾಗಿದ್ದು ಸ್ವೀಡನ್ನಿನ ಡಿಜೆ ಸ್ಟೋನ್‌ಬ್ರಿಡ್ಜ್ ಕೈಗೆ ಬಂದ ಮೇಲೆ. ಅವರ ಮೊದಲ ಮಿಕ್ಸ್ ಅನ್ನು ಬ್ರಿಟನ್ನಿನ ರೆಕಾರ್ಡ್ ಕಂಪನಿ ಚಾಂಪಿಯನ್ ರೆಕಾರ್ಡ್ಸ್ ಬೇಡ ಅಂತ ವಾಪಸ್ ಕಳಿಸಿತು. ಆಗ ಅವರು ಹಾಡಿನ ದನಿ, ಕಿಕ್ ಡ್ರಮ್ ಎರಡನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ತೆಗೆದುಹಾಕಿದರು. ಖಾಲಿಯಾದ ಜಾಗಕ್ಕೆ ಕೋರ್ಗ್ ಎಂ1 ಕೀಬೋರ್ಡಿನ 'ಆರ್ಗನ್ 2' ಸದ್ದಿನಲ್ಲಿ ಒಂದು ಬಾಸ್ ಕೂರಿಸಿದರು. ಎಂ1 ಬಂದದ್ದು 1988ರಲ್ಲಿ. ಆ ಸದ್ದು ಕೋರ್ಗ್ ಕಂಪನಿಯೇ ಒಳಗೆ ತುಂಬಿ ಕೊಟ್ಟದ್ದು. ಕೀಬೋರ್ಡ್ ಕೊಂಡ ಯಾರು ಬೇಕಾದರೂ ಗುಂಡಿ ಒತ್ತಿ ಅದನ್ನು ನುಡಿಸಬಹುದಿತ್ತು!

ಆ ಬಾಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಸಾಮಾನ್ಯವಾಗಿ ಬಾಸ್ ಅಂದರೆ ಕೆಳಗೆ ಗುಂಯ್ ಅಂತಿರುತ್ತದೆ, ಎದೆಗೆ ತಾಗುತ್ತದೆ, ಟ್ಯೂನ್ ಮಾತ್ರ ಬೇರೆ ಯಾವುದೋ ವಾದ್ಯದ್ದು. ಇಲ್ಲಿ ಬಾಸೇ ಟ್ಯೂನ್. ಒಂದೊಂದು ಸ್ವರದ ಶುರುವಿನಲ್ಲೂ ಮರಕ್ಕೆ ಬೆರಳಲ್ಲಿ ಕುಟ್ಟಿದ ಹಾಗೆ ಟಕ್ ಅನ್ನುವ ಒಂದು ಚಿಕ್ಕ ಪೆಟ್ಟಿದೆ. ಅದಿರುವುದರಿಂದ ದೊಡ್ಡ ಸ್ಪೀಕರ್ ಇಲ್ಲದೆಯೂ ಹಾಡು ಗೊತ್ತಾಗುತ್ತದೆ. ಬಾಸ್ ಇಲ್ಲದ ಫೋನ್ ಸ್ಪೀಕರಿನಲ್ಲೂ ಆ ಟಕ್ ಟಕ್ ಉಳಿದುಕೊಳ್ಳುತ್ತದೆ. ನಿಮಿಷಕ್ಕೆ ಹತ್ತಿರಹತ್ತಿರ 120 ಪೆಟ್ಟು. ಓಡುವಷ್ಟು ಜೋರಲ್ಲ, ನಿಂತಲ್ಲೇ ನಿಲ್ಲುವಷ್ಟು ನಿಧಾನವೂ ಅಲ್ಲ.

ಇನ್ನು ದನಿ. ಮಾತಿನ ಪ್ರೀತಿ ಸಾಕಾಗಿದೆ, ನಿಜವಾದದ್ದು ಇದ್ದರೆ ಮಾಡಿ ತೋರಿಸು ಅನ್ನುವ ಹೆಂಗಸಿನ ಹಾಡಿದು. ರಾಬಿನ್ ಅಳುವುದಿಲ್ಲ, ಬೇಡಿಕೊಳ್ಳುವುದೂ ಇಲ್ಲ. ಗದರಿಸುತ್ತಾರೆ. ಸುತ್ತ ವಾದ್ಯಗಳು ಕಡಿಮೆ ಇರುವುದರಿಂದ ಆ ಗದರಿಕೆ ಮುಖಕ್ಕೇ ಬಂದು ತಾಗುತ್ತದೆ. ಪದಗಳಲ್ಲಿ ದೊಡ್ಡ ವಿಶೇಷ ಏನಿಲ್ಲ, ಎರಡನೇ ಚರಣವಂತೂ ಸುಮ್ನೆ ಜಾಗ ತುಂಬಿಸಿದ ಹಾಗಿದೆ. ಆದರೆ ಹೇಳುವ ಧಾಟಿಗೆ ಅದೆಲ್ಲ ಮರೆತುಹೋಗುತ್ತದೆ.

ಡಾನ್ಸ್ ಪಟ್ಟಿಯ ವಿಷಯಕ್ಕೆ ಬಂದರೆ, ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಕ್ಲಬ್ ಪಟ್ಟಿಯನ್ನು ಮಾರಾಟದ ಲೆಕ್ಕದಿಂದ ಮಾಡುತ್ತಿರಲಿಲ್ಲ. ಯಾವ ಹಾಡಿಗೆ ಜನ ಚೆನ್ನಾಗಿ ಕುಣಿದರು ಅಂತ ಕ್ಲಬ್ ಡಿಜೆಗಳು ವರದಿ ಕಳಿಸುತ್ತಿದ್ದರು, ಅದರ ಮೇಲೆ ಪಟ್ಟಿ. ಅಂದಮೇಲೆ ಡಿಜೆಗಳಿಗೆ ಅನುಕೂಲವಾದ ಹಾಡು ಮೇಲೆ ಹೋಗುವುದು ಸಹಜ ಅಲ್ವಾ? ಇದು ಹಿಂದಿನ ಹಾಡಿನ ಜೊತೆ ತಕರಾರಿಲ್ಲದೆ ಬೆಸೆದುಕೊಳ್ಳುತ್ತದೆ. 1993ರಲ್ಲಿ ಆ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಆದರೆ ನನಗೆ ದೊಡ್ಡದು ಅನ್ನಿಸುವುದು ಅದಲ್ಲ. ಆಗ ರೇಡಿಯೋ ಮತ್ತು ಮಾರಾಟದ ಲೆಕ್ಕ ಹಿಡಿಯುತ್ತಿದ್ದ ಬಿಲ್‌ಬೋರ್ಡ್‌ನ ಮುಖ್ಯ ಪಟ್ಟಿ ಹಾಟ್ 100ರಲ್ಲೂ ಇದು 5ನೇ ಸ್ಥಾನ ಮುಟ್ಟಿತು. ಬ್ರಿಟನ್ನಿನಲ್ಲಿ 6. ಕ್ಲಬ್ಬಿನಲ್ಲಿ ಗೆದ್ದ ಎಷ್ಟೋ ಹಾಡುಗಳು ಆ ಬಾಗಿಲು ದಾಟುವುದೇ ಇಲ್ಲ. ರಾಬಿನ್ ಅವರದೇ ಮುಂದಿನ ಸಿಂಗಲ್ 'ಲವ್ 4 ಲವ್' ನೋಡಿ. ಡಾನ್ಸ್ ಪಟ್ಟಿಯಲ್ಲಿ ಅದೂ ಒಂದನೇ ಸ್ಥಾನವೇ, ಹಾಟ್ 100ರಲ್ಲಿ ಮಾತ್ರ ಇದರ ಹತ್ತಿರಕ್ಕೂ ಬರಲಿಲ್ಲ.

ನನ್ನ ತಕರಾರು ರೇಡಿಯೋ ಎಡಿಟ್ ಮೇಲೆ. ಬಾಸ್ ಒಂದೇ ಇದ್ದು ಕಿವಿ ಹದವಾಗುವ ಸಮಯವನ್ನೇ ಅದು ಕತ್ತರಿಸಿಬಿಡುತ್ತದೆ. ಅವಸರದಲ್ಲಿ ಹಾಡು ಶುರು, ಅವಸರದಲ್ಲಿ ಮುಕ್ತಾಯ. ಬಹಳ ಜನ ಕೇಳಿರುವುದು ಅದನ್ನೇ. ಅಷ್ಟಕ್ಕೇ "ಪರವಾಗಿಲ್ಲ" ಅಂದು ಮುಂದೆ ಹೋದವರು ನನ್ನ ಗೆಳೆಯರಲ್ಲೇ ಇದ್ದಾರೆ.

2009ರ ಸುಮಾರಿಗೆ ಡಿಜೆಗಳಾದ ಸ್ಟೀವ್ ಆಂಜೆಲೊ ಮತ್ತು ಲೇಡ್‌ಬ್ಯಾಕ್ ಲ್ಯೂಕ್ ಮಾಡಿದ ರೂಪವೂ ಬ್ರಿಟನ್ನಿನಲ್ಲಿ ಓಡಿತು. ದೊಡ್ಡ ಮೈದಾನಕ್ಕೆ ಅದು ಸರಿ, ಕೋಣೆಯಲ್ಲಿ ಕೇಳಿದರೆ ತಲೆನೋವು. 2022ರಲ್ಲಿ ಬಿಯಾನ್ಸೆ ಅವರ 'ಬ್ರೇಕ್ ಮೈ ಸೋಲ್' ಬಂದಾಗ ಜಾರ್ಜ್, ಮ್ಯಾಕ್‌ಫಾರ್ಲೇನ್ ಹೆಸರುಗಳು ಆ ಹಾಡಿನ ಬರಹಗಾರರ ಸಾಲಿನಲ್ಲೂ ಕಾಣಿಸಿಕೊಂಡವು. ಹೊಸ ಹುಡುಗರು ಅಲ್ಲಿಂದ ಹಿಂದಕ್ಕೆ ಹುಡುಕಿಕೊಂಡು ಬಂದರೆ ಒಳ್ಳೆಯದೇ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಅರ್ಧ ಕಳೆದದ್ದು ಎರಡನೇ ಚರಣಕ್ಕೆ. ಹಳೇ 12 ಇಂಚಿನ ರೆಕಾರ್ಡ್ ಕೊಳ್ಳುವವರು ಲೇಬಲ್ ಮೇಲೆ ಯಾವ ಮಿಕ್ಸ್ ಅಂತ ಓದಿಕೊಂಡೇ ದುಡ್ಡು ಕೊಡಿ. ಪಾರ್ಟಿಗೆ ಹಾಕುವುದಾದರೆ ತೀರಾ ಮೊದಲೇ ಹಾಕಬೇಡಿ, ಜನ ಊಟ ಮುಗಿಸಿರಲಿ.