ರೋಮನ್ ಸೇನೆಯ ಪದವಿ ಚಾರ್ಟ್: ಚಿತ್ರ ಚೆನ್ನ, ಪಡಿಯ ಲೆಕ್ಕ ಮಾತ್ರ ಇಲ್ಲ

ಕಾಗದದ ಬಗ್ಗೆ ತಕರಾರಿಲ್ಲ. ಎರಡಡಿ ಅಗಲ, ಮೂರಡಿ ಎತ್ತರ, ಹೊಳಪಿಲ್ಲದ ದಪ್ಪ ಹಾಳೆ. ಅಂಚೆಯ ಕೊಳವೆಯಿಂದ ತೆಗೆದು ಗೋಡೆಗೆ ಹಾಕಿದರೆ ಮತ್ತೆ ಸುರುಳಿ ಸುತ್ತಿಕೊಳ್ಳುವುದಿಲ್ಲ. ಬೆಲೆ 1,450 ರೂಪಾಯಿ. ನಾಲ್ಕನೆಯ ಶತಮಾನದ ರೋಮನ್ ಸೇನೆಯ ಪದವಿಗಳನ್ನು, ಟೈರೋ ಎಂಬ ಹೊಸ ಭರ್ತಿಯಿಂದ ಹಿಡಿದು ಮ್ಯಾಜಿಸ್ಟರ್ ಮಿಲಿಟಮ್ ಎಂಬ ಮಹಾದಂಡನಾಯಕನವರೆಗೆ, ಒಂದೇ ಏಣಿಯಲ್ಲಿ ಜೋಡಿಸಿದ್ದಾರೆ.

ನಾನು ನಮ್ಮ ಸೇನೆಯ ಸರಬರಾಜು ವಿಭಾಗದಲ್ಲಿ ಪಡಿತರದ ಲೆಕ್ಕ ಬರೆದು, ಹವಾಲ್ದಾರನಾಗಿ ನಿವೃತ್ತನಾದವನು. ಯಾರ ತೋಳಿಗೆ ಎಷ್ಟು ಪಟ್ಟಿ ಎನ್ನುವುದಕ್ಕಿಂತ ಯಾರ ಹೆಸರಿಗೆ ಎಷ್ಟು ಪಡಿ ಎನ್ನುವುದನ್ನೇ ಮೊದಲು ಹುಡುಕುತ್ತೇನೆ. ಈ ಚಾರ್ಟಿನಲ್ಲಿ ಅದೊಂದು ಸಾಲೂ ಇಲ್ಲ.

ಆ ಕಾಲದ ಪದವಿಯ ತಿರುಳೇ ಪಡಿ. ಸಂಬಳವನ್ನು ಅನ್ನೋನಾ ಎಂಬ ಆಹಾರದ ಪಾಲು, ಕ್ಯಾಪಿಟಮ್ ಎಂಬ ಮೇವಿನ ಪಾಲುಗಳಲ್ಲಿ ಎಣಿಸುತ್ತಿದ್ದರು. ತುಸು ಈಚಿನದಾದರೂ, 534ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಆಫ್ರಿಕಾದ ಗಡಿ ದಂಡನಾಯಕರ ಕಚೇರಿಗಳಿಗೆ ಹೊರಡಿಸಿದ ಆದೇಶವನ್ನು ನೋಡಿ: ಕೆಳ ಪದವಿಯ ಸೆಮಿಸ್ಸಾಲಿಸ್‌ಗೆ ಒಂದೂವರೆ ಆಹಾರದ ಪಾಲು, ಅದರ ಮೇಲಿನ ಸೆಂಟೆನೇರಿಯಸ್‌ಗೆ ಎರಡೂವರೆ, ಇನ್ನೂ ಮೇಲಿನ ಡ್ಯುಸೆನೇರಿಯಸ್‌ಗೆ ಮೂರೂವರೆ. ಒಂದು ಆಹಾರದ ಪಾಲಿಗೆ ಸಾಲಿಡಸ್ ಎಂಬ ಐದು ಚಿನ್ನದ ನಾಣ್ಯ ಎಂದು ದರವೂ ಅಲ್ಲಿದೆ. ಪ್ರತಿ ಹೆಸರಿನ ಪಕ್ಕ ಒಂದು ಸಣ್ಣ ಅಂಕಿ ಹಾಕಿದ್ದರೆ ಸಾಕಿತ್ತು, ಬಡ್ತಿ ಎಂದರೆ ಏನು ಸಿಗುತ್ತಿತ್ತು ಎಂದು ಮಕ್ಕಳಿಗೂ ತಿಳಿಯುತ್ತಿತ್ತು.

ಏಣಿಯ ಕೆಳಭಾಗದ ಕ್ರಮ ಸರಿಯಾಗಿದೆ: ಸರ್ಕಿಟರ್, ಬಿಯಾರ್ಕಸ್, ಸೆಂಟೆನೇರಿಯಸ್, ಡ್ಯುಸೆನೇರಿಯಸ್, ಸೆನೇಟರ್, ಪ್ರಿಮಿಸೀರಿಯಸ್, ಕೊನೆಗೆ ದಳದ ಮುಖ್ಯಸ್ಥನಾದ ಟ್ರಿಬ್ಯೂನ್. ಇದನ್ನು ನಮಗೆ ಉಳಿಸಿಕೊಟ್ಟವರು ಅದೇ ಕಾಲದ ಕ್ರೈಸ್ತ ವಿದ್ವಾಂಸ ಸಂತ ಜೆರೋಮ್. ಜೆರುಸಲೆಮಿನ ಬಿಷಪ್ ಜಾನ್ ಜೊತೆಗಿನ ಧಾರ್ಮಿಕ ಜಗಳದಲ್ಲಿ, ತಪ್ಪು ಮಾಡಿದ ಟ್ರಿಬ್ಯೂನ್ ಒಮ್ಮೆಲೇ ಹೊಸ ಭರ್ತಿಯ ಸ್ಥಾನಕ್ಕೆ ಬೀಳುತ್ತಾನೆಯೇ ಎಂದು ಕೇಳಿ, ಇಳಿಯಬೇಕಾದ ಮೆಟ್ಟಿಲುಗಳನ್ನು ಒಂದೊಂದಾಗಿ ಹೆಸರಿಸಿದರು. ಅಂದರೆ ನಮ್ಮ ಕೈಯಲ್ಲಿರುವುದು ಹಿಂಬಡ್ತಿಯ ಪಟ್ಟಿ! ಅದೂ ಕುದುರೆ ಪಡೆಯದು ಎಂದು ಜೆರೋಮ್ ಸ್ಪಷ್ಟವಾಗಿ ಹೇಳಿದ್ದಾರೆ. ಚಾರ್ಟಿನವರು ಅದನ್ನು ಲೀಜನ್ ಎಂಬ ಕಾಲಾಳು ಪಡೆಯ ಮೇಲೆ ಹೊದಿಸಿ, ನಡುವೆ ಹಳೆಯ ಕಾಲದ ಸೆಂಚೂರಿಯನ್ (ನೂರಾಳು ನಾಯಕ) ಒಬ್ಬನನ್ನು ಅಡ್ಡ ತುರಾಯಿಯ ಶಿರಸ್ತ್ರಾಣ, ಲೋಹದ ಪಟ್ಟಿಗಳ ಕವಚದ ಸಮೇತ ನಿಲ್ಲಿಸಿದ್ದಾರೆ. ಆ ಕವಚ ಮೂರನೆಯ ಶತಮಾನದಲ್ಲೇ ಮೂಲೆ ಸೇರಿತ್ತು.

ಇನ್ನೊಂದು ಕೊರತೆ ನನಗೆ ಹೆಚ್ಚು ಚುಚ್ಚಿತು. ಪ್ರೊಟೆಕ್ಟರ್ ಎಂಬ ಹುದ್ದೆಯೇ ಇಲ್ಲಿಲ್ಲ. ಸಾಮಾನ್ಯ ಸೈನಿಕ ಅಧಿಕಾರಿಯಾಗಲು ಇದ್ದ ಬಾಗಿಲು ಅದು. ಈಜಿಪ್ಟಿನ ಫ್ಲೇವಿಯಸ್ ಅಬಿನ್ನೇಯಸ್ 33 ವರ್ಷ ಬಿಲ್ಲುಗಾರ ಕುದುರೆ ಪಡೆಯಲ್ಲಿ ದುಡಿದು ಡ್ಯುಸೆನೇರಿಯಸ್ ಆದ. ಈಜಿಪ್ಟಿನ ದಕ್ಷಿಣ ಗಡಿಯಾಚೆಯ ಬ್ಲೆಮ್ಮಿ ಜನರ ದೂತರನ್ನು ಕಾನ್‌ಸ್ಟಾಂಟಿನೋಪಲ್‌ಗೆ ಕರೆದೊಯ್ದು, ಅಲ್ಲಿ ಪ್ರೊಟೆಕ್ಟರ್ ಆದ. ಆಮೇಲೆ ಫಯೂಮ್ ಪ್ರಾಂತದ ಡಯೊನಿಸಿಯಾಸ್ ಕೋಟೆಗೆ ಪ್ರಿಫೆಕ್ಟ್ (ದಳಪತಿ) ಆಗಿ ನೇಮಕಪತ್ರ ಹಿಡಿದು ಬಂದರೆ, ಇದೇ ಬಗೆಯ ಪತ್ರ ತಂದವರು ಬೇರೆಯವರೂ ಇದ್ದಾರೆ ಎಂದು ಅಲ್ಲಿನ ಸೇನಾಧಿಕಾರಿ ಕೌಂಟ್ ವಲಾಕಿಯಸ್‌ನ ಕಚೇರಿಯಲ್ಲಿ ಹೇಳಿದರು. ಅವರದೆಲ್ಲ ಶಿಫಾರಸು, ನನ್ನದು ನಿಮ್ಮದೇ ಆಜ್ಞೆ ಎಂದು ಈತ ಚಕ್ರವರ್ತಿಗಳಿಗೇ ಅರ್ಜಿ ಬರೆದ. ಸುಮಾರು 340ರ ಆ ಅರ್ಜಿಯ ಕರಡು ಪಪೈರಸ್ ಹಾಳೆಯಲ್ಲಿ ಇಂದಿಗೂ ಉಳಿದಿದೆ. ವರ್ಗಾವಣೆಯ ಕಾಗದ ಹಿಡಿದು ಕಚೇರಿಯ ಮುಂದೆ ಕಾದವರಿಗೆ ಬೇರೆ ವಿವರಣೆ ಬೇಡ. ಈತನ ಬದುಕನ್ನು ಚಾರ್ಟಿನ ಏಣಿಯ ಮೇಲೆ ಹುಡುಕಿದರೆ ಅರ್ಧದಾರಿಯಲ್ಲೇ ಮೆಟ್ಟಿಲು ಮುಗಿಯುತ್ತದೆ.

ಚಿತ್ರಕಾರರನ್ನು ಮೆಚ್ಚಲೇಬೇಕು. ಆ ಒಬ್ಬ ಸೆಂಚೂರಿಯನ್‌ನನ್ನು ಬಿಟ್ಟರೆ ಉಳಿದವರ ವೇಷ ಕಾಲಕ್ಕೆ ಒಪ್ಪುತ್ತದೆ: ಉದ್ದ ತೋಳಿನ ನಿಲುವಂಗಿ, ತಲೆಗೆ ಡಬ್ಬಿಯಾಕಾರದ ಪನ್ನೋನಿಯನ್ ಟೋಪಿ, ಟ್ರಿಬ್ಯೂನ್‌ಗೆ ನಡುವೆ ಏಣುಳ್ಳ ಶಿರಸ್ತ್ರಾಣ. ಡ್ರ್ಯಾಗನ್ ಧ್ವಜ ಹಿಡಿದ ಡ್ರಾಕೊನೇರಿಯಸ್‌ನ ಕೊರಳಲ್ಲಿ ಲೋಹದ ಬಳೆಯನ್ನು ಮರೆತಿಲ್ಲ. 360ರಲ್ಲಿ ಪ್ಯಾರಿಸ್‌ನಲ್ಲಿ ಸೈನಿಕರು ತಮ್ಮ ನಾಯಕ ಜೂಲಿಯನ್‌ನನ್ನು ಗುರಾಣಿಯ ಮೇಲೆ ಎತ್ತಿ ಚಕ್ರವರ್ತಿ ಎಂದು ಘೋಷಿಸಿದಾಗ ಕಿರೀಟ ಸಿಗಲಿಲ್ಲ. ಮೌರಸ್ ಎಂಬ ಧ್ವಜಧಾರಿ ತನ್ನ ಕೊರಳ ಬಳೆಯನ್ನೇ ತೆಗೆದು ಆತನ ತಲೆಗಿಟ್ಟ. ಕೌಂಟ್, ಡ್ಯೂಕ್‌ಗಳಿರುವ ಮೇಲಿನ ಸಾಲು ಮಾತ್ರ ಸಪ್ಪೆ, ಎಲ್ಲರಿಗೂ ಒಂದೇ ಮುಖ.

ಮಾರಾಟಗಾರರಿಗೆ ಇದನ್ನೆಲ್ಲ ಬರೆದು ಕಳಿಸಿದ್ದೆ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಎಂಬ ಸಿದ್ಧ ಉತ್ತರ ಬಂತು. ಆಟಕ್ಕೆ ಬೊಂಬೆ ಸೈನಿಕರಿಗೆ ಬಣ್ಣ ಹಚ್ಚುವವರು ಧೈರ್ಯವಾಗಿ ಕೊಳ್ಳಬಹುದು. ಶಾಲೆಯ ಗೋಡೆಗೆ ಹಾಕುವವರು ಸೆಂಚೂರಿಯನ್ ಮೇಲೆ ಒಂದು ಚೀಟಿ ಅಂಟಿಸಿಕೊಳ್ಳಿ. ಐದಕ್ಕೆ ಮೂರು ನಕ್ಷತ್ರ. ಅದರಲ್ಲಿ ಎರಡು ಚಿತ್ರಕಾರರಿಗೆ, ಒಂದು ಕಾಗದಕ್ಕೆ.