ಹಿತ್ತಲಿನ ನಾಲ್ಕು ಕೋಳಿಗೆ ಯಾವ ಗೂಡು? ಪ್ಲಾಸ್ಟಿಕ್ ಕಿಟ್, ಹಳೇ ಟ್ಯಾಂಕ್, ಪ್ಲೈವುಡ್, ಕಬ್ಬಿಣ

ಬೆಂಗಳೂರಲ್ಲಿ ಕೋಳಿಗೆ ಚಳಿಯ ಭಯವಿಲ್ಲ. ಜನವರಿಯ 15 ಡಿಗ್ರಿ ರಾತ್ರಿಯನ್ನು ನಾಟಿ ಹೇಂಟೆ ಮರದ ಕೊಂಬೆಯ ಮೇಲೆ ಕೂತೇ ಕಳೆಯುತ್ತದೆ. ಕಾಡುವುದು ಏಪ್ರಿಲ್ ಮಧ್ಯಾಹ್ನದ ಬಿಸಿಲು ಮತ್ತು ಸೆಪ್ಟೆಂಬರ್–ಅಕ್ಟೋಬರಿನ ತೇವ. ಪ್ಲಾಸ್ಟಿಕ್ ಗೂಡು ಕೊಳ್ಳುವವರು ಇದನ್ನೇ ಮೊದಲು ತಲೆಯಲ್ಲಿಟ್ಟುಕೊಳ್ಳಬೇಕು. ಎರಡು ಪದರದ ಗೋಡೆಯ ಪ್ಲಾಸ್ಟಿಕ್ ಗೂಡು ಹೆಸರಾದದ್ದೇ ಬ್ರಿಟನ್ನಿನಲ್ಲಿ. ಓಮ್ಲೆಟ್ ಕಂಪನಿ ‘ಎಗ್ಲು’ ಗೂಡನ್ನು ಮಾರುಕಟ್ಟೆಗೆ ತಂದದ್ದು 2004ರಲ್ಲಿ. ಅಲ್ಲಿಯ ಚಳಿಗೆ ಬೆಚ್ಚಗಿಡುವ ಗೋಡೆ ವರ. ನಮ್ಮಲ್ಲಿ ಗಾಳಿಯಾಡದಿದ್ದರೆ ಅದೇ ಗೋಡೆ ಶಾಪ.

ನಾಲ್ಕೂ ಬಗೆಯ ಗೂಡನ್ನು ಬಳಸಿ ನೋಡಿ ಬರೆದ ಹೋಲಿಕೆ ಇದು. ಲೆಕ್ಕವೆಲ್ಲ ನಾಲ್ಕು ಹೇಂಟೆಗೆ. ಹುಂಜ ಇಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಪಕ್ಕದ ಮನೆಯವರ ನಿದ್ದೆಯೂ ಉಳಿಯುತ್ತದೆ.

ಪ್ಲೈವುಡ್ ಗೂಡು ನೋಡಲು ಚೆಂದ, ಬಡಗಿ ಒಂದೇ ದಿನದಲ್ಲಿ ಮಾಡಿಕೊಡುತ್ತಾನೆ, ಒಳಗೆ ತಂಪು. ಆದರೆ ಕತ್ತರಿಸಿದ ಅಂಚು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ನೆಲಕ್ಕೆ ತಾಗಿದ ಕಾಲಿಗೆ ಗೆದ್ದಲು ಹತ್ತುತ್ತದೆ. ಇದಕ್ಕಿಂತ ದೊಡ್ಡ ಪೀಡೆ ಕೆಂಪು ನುಸಿ. ಹಗಲಲ್ಲಿ ಅದು ಮರದ ಸಂದಿಯಲ್ಲಿ ಅಡಗಿ, ರಾತ್ರಿ ಹೊರಬಂದು ಕೋಳಿಯ ರಕ್ತ ಹೀರುತ್ತದೆ. ಸೆಕೆಯ ದಿನಗಳಲ್ಲಿ ಮೊಟ್ಟೆಯೊಡೆದು ಬೆಳೆದು ಮತ್ತೆ ಮೊಟ್ಟೆಯಿಡುವ ಅದರ ಒಂದು ಸುತ್ತು ಮುಗಿಯಲು ಏಳರಿಂದ ಹತ್ತು ದಿನ ಸಾಕು. ಕತ್ತಲಾದ ಮೇಲೆ ಕೋಳಿ ಕೂತ ಕೋಲಿನ ತಳಭಾಗವನ್ನು ಬಿಳಿ ಕಾಗದದಿಂದ ಒರೆಸಿ ನೋಡಿ. ಕುಂಕುಮ ಉಜ್ಜಿದ ಹಾಗೆ ಕೆಂಪು ಗೆರೆ ಮೂಡಿದರೆ ನುಸಿ ಬಂದಿದೆ ಎಂದೇ ಅರ್ಥ. ಮರದ ಗೂಡಿನ ಕೀಲು ಕೀಲಿಗೂ ಔಷಧ ಮುಟ್ಟಿಸುವುದು ಆಗದ ಮಾತು.

ಕಬ್ಬಿಣದ ಆಂಗಲ್ಲಿಗೆ ಜಾಲರಿ ಬೆಸೆದು, ಮೇಲೆ ತಗಡು ಹೊದಿಸಿದ ಪಂಜರದಲ್ಲಿ ಗಾಳಿಗೆ ಕೊರತೆಯಿಲ್ಲ. ಇರಚಲು ಮಳೆಗೆ ಕೋಳಿ ನೆನೆಯುತ್ತದೆ. ಸೊಳ್ಳೆ ಒಳಬರುತ್ತದೆ, ಕೋಳಿ ಸಿಡುಬನ್ನು ಹರಡುವುದು ಅದೇ. ತಂತಿಯ ನೆಲ ಗಿರಿರಾಜದಂಥ ಭಾರದ ಕೋಳಿಯ ಪಾದಕ್ಕೆ ಒಳ್ಳೆಯದಲ್ಲ. ಅಂಗಾಲಲ್ಲಿ ಗಾಯವಾಗಿ ಗಂಟು ಕಟ್ಟುತ್ತದೆ. ಹಿಕ್ಕೆ ಬೀಳುವ ಕಡೆ ಬೆಸುಗೆಯೇ ಮೊದಲು ತುಕ್ಕು ಹಿಡಿಯುವುದು.

ಉಳಿದದ್ದು ಪ್ಲಾಸ್ಟಿಕ್. ಅದರಲ್ಲಿ ಎರಡು ದಾರಿ.

ರೆಡಿಮೇಡ್ ಕಿಟ್ಟಿನ ದೊಡ್ಡ ಗುಣ ತೊಳೆಯುವ ಸುಲಭ. ಹಲಗೆ ಬಿಚ್ಚಿ, ಪೈಪ್ ಹಿಡಿದು ತೊಳೆದು, ಬಿಸಿಲಿಗೆ ಒರಗಿಸಿದರೆ ಮುಗಿಯಿತು. ನುಸಿ ಬರುವುದೇ ಇಲ್ಲ ಎಂದಲ್ಲ, ಬಂದರೂ ಅಡಗುವ ಜಾಗ ಕಡಿಮೆ. ಪೆಟ್ಟಿಗೆಯ ಮೇಲೆ ‘6 ಕೋಳಿಗೆ’ ಎಂದಿದ್ದರೆ ಟೇಪು ಹಿಡಿದು ಒಳಗಿನ ನೆಲ ಅಳೆಯಿರಿ. ಹಗಲೆಲ್ಲ ಹೊರಗಿದ್ದು ರಾತ್ರಿ ಮಾತ್ರ ಮಲಗುವ ಕೋಳಿಗೆ ತಲಾ 2 ಚದರಡಿ ಬೇಕು, ಹಗಲೂ ಕೂಡಿಹಾಕುವುದಾದರೆ 4. 3 ಅಡಿಗೆ ಎರಡೂವರೆ ಅಡಿ ನೆಲ ಎಂದರೆ ಏಳೂವರೆ ಚದರಡಿ. ಅಲ್ಲಿ ಆರು ಕೋಳಿ ಹಿಡಿಯುವುದಿಲ್ಲ, ನಾಲ್ಕೇ ಬಿಗಿ. ಹಲಗೆಯ ನಡುವೆ ಹೆಬ್ಬೆರಳಿಂದ ಒತ್ತಿ ನೋಡಿ. ಡಬ್ಬಿಯ ಮುಚ್ಚಳದಂತೆ ಒಳಗೆ ಹೋದರೆ ಬೇಡ. ಬಿಸಿಲು ತಡೆಯುವ ಯುವಿ ಸಂಸ್ಕರಣೆ ಇಲ್ಲದ ಪ್ಲಾಸ್ಟಿಕ್ ಮೇಲೆ ಸುಣ್ಣದಂಥ ಬಿಳಿ ಪುಡಿ ಏಳುತ್ತದೆ, ಆಮೇಲೆ ಬಿರುಕು.

ಜೋಡಿಸುವಾಗ ಎಲ್ಲರೂ ಮಾಡುವ ತಪ್ಪು ಸ್ಕ್ರೂಗಳನ್ನು ಬಿಗಿಯಾಗಿ ತಿರುಗಿಸುವುದು. ಬೆಳಗ್ಗೆ 18 ಡಿಗ್ರಿ ಇದ್ದ ಹಲಗೆ ಬಿಸಿಲಲ್ಲಿ 50 ಮುಟ್ಟಿದರೆ, 3 ಅಡಿ ಉದ್ದಕ್ಕೆ ಸುಮಾರು 4 ಮಿಲಿಮೀಟರ್ ಹಿಗ್ಗುತ್ತದೆ. ಜಾಗ ಸಿಗದಿದ್ದರೆ ತೂತಿನ ಸುತ್ತಲೇ ಸೀಳು ಬಿಡುತ್ತದೆ. ತೂತನ್ನು ಸ್ಕ್ರೂವಿಗಿಂತ 2 ಮಿಲಿಮೀಟರ್ ದೊಡ್ಡದು ಮಾಡಿ, ಅಗಲದ ವಾಷರ್ ಹಾಕಿ, ಬಿಗಿ ಮಾಡಿದ ಮೇಲೆ ಕಾಲು ಸುತ್ತು ಸಡಿಲಿಸಿ. ಬಾಗಿಲಿನ ಪ್ಲಾಸ್ಟಿಕ್ ಕ್ಲಿಪ್ಪನ್ನು ನಂಬಬೇಡಿ, ಬೀದಿನಾಯಿ ಎರಡು ಸಲ ತಳ್ಳಿದರೆ ಬಿಚ್ಚಿಕೊಳ್ಳುತ್ತದೆ. ಕಬ್ಬಿಣದ ಚಿಲಕವನ್ನೇ ಹಾಕಿಸಿ.

ಎರಡನೆಯದು ಗುಜರಿಯ 500 ಲೀಟರ್ ನೀರಿನ ಟ್ಯಾಂಕ್. ಸುಮಾರು 3 ಅಡಿ ವ್ಯಾಸವಿದ್ದರೆ ನೆಲ 7 ಚದರಡಿ ಸಿಗುತ್ತದೆ. ಗಟ್ಟಿತನದಲ್ಲಿ ಕಿಟ್ಟಿನ ಯಾವ ಹಲಗೆಯೂ ಇದಕ್ಕೆ ಸಾಟಿಯಲ್ಲ, ಬೆಲೆಯಲ್ಲೂ ಇದೇ ಅಗ್ಗ. ಬಿಳಿಯದನ್ನೇ ಹುಡುಕಿ. ಕಪ್ಪು ಟ್ಯಾಂಕ್ ಬಿಸಿಲು ಹೀರುತ್ತದೆ, ಬಣ್ಣ ಬಳಿದರೆ ನಿಲ್ಲದೆ ಸಿಪ್ಪೆಯಂತೆ ಸುಲಿದು ಬರುತ್ತದೆ. ಗ್ರೈಂಡರಿನಲ್ಲಿ ಕೊಯ್ದರೆ ಪ್ಲಾಸ್ಟಿಕ್ ಕರಗಿ ಮತ್ತೆ ಅಂಟಿಕೊಳ್ಳುತ್ತದೆ. ದಪ್ಪ ಹಲ್ಲಿನ ಜಿಗ್‌ಸಾ ಬ್ಲೇಡನ್ನು ನಿಧಾನಕ್ಕೆ ಓಡಿಸಿ. ಕೋಳಿಗೆ 12ಕ್ಕೆ 14 ಇಂಚಿನ ಬಾಗಿಲು, ನೀವು ಕೈ ಹಾಕಿ ಗುಡಿಸಲು ಹಿಂದೆ 18ಕ್ಕೆ 24 ಇಂಚಿನದು. ಟ್ಯಾಂಕ್ ದುಂಡಗಿರುವುದರಿಂದ ಕೀಲನ್ನು ನಿಂತ ಅಂಚಿಗೇ ಹಾಕಬೇಕು, ಮೇಲಂಚಿಗೆ ಹಾಕಿದರೆ ಬಾಗಿಲು ತೆರೆಯುವುದಿಲ್ಲ. ಕೊಯ್ದ ಅಂಚಿಗೆ ಹಳೇ ಹೋಸ್ ಪೈಪನ್ನು ಉದ್ದಕ್ಕೆ ಸೀಳಿ ತೊಡಿಸಿ.

ಗಾಳಿಯ ವಿಷಯದಲ್ಲಿ ಎರಡೂ ಹುಟ್ಟಿನಿಂದಲೇ ಸೋತವು, ಸರಿಮಾಡುವುದು ನಮ್ಮ ಕೆಲಸ. ಕೋಳಿಗೆ ತಲಾ ಒಂದು ಚದರಡಿ ತೆರಪು ಇರಲಿ. ಪ್ಲಂಬರ್ 2 ಇಂಚಿನ ಹತ್ತು ತೂತು ಕೊರೆದುಕೊಟ್ಟರೆ ತುಂಬ ಆಯಿತು ಅನ್ನಿಸುತ್ತದೆ. ಹತ್ತೂ ಸೇರಿ ಕಾಲು ಚದರಡಿಯೂ ಆಗದು. ಎದುರುಬದುರು ಗೋಡೆಯಲ್ಲಿ, ಕೂತ ಕೋಳಿಯ ತಲೆಗಿಂತ ಮೇಲೆ, 12ಕ್ಕೆ 24 ಇಂಚಿನ ಕಿಟಕಿ ಒಂದೊಂದು ಕೊಯ್ದು ಅರ್ಧ ಇಂಚಿನ ವೆಲ್ಡ್ ಮೆಶ್ (ಬೆಸೆದ ತಂತಿಯ ಜಾಲರಿ) ಕೂರಿಸಿ. ಟ್ಯಾಂಕಿನಲ್ಲಿ ಇನ್ನೊಂದು ಅನುಕೂಲವಿದೆ: ಮೇಲಿನ ಮುಚ್ಚಳವನ್ನು ಉದ್ದ ಬೋಲ್ಟುಗಳ ಮೇಲೆ 2 ಇಂಚು ಎತ್ತಿ ನಿಲ್ಲಿಸಿ ಸುತ್ತ ಜಾಲರಿ ಕಟ್ಟಿದರೆ ಬಿಸಿಗಾಳಿ ಹೊಗೆಗೂಡಿನಿಂದ ಹೋದ ಹಾಗೆ ಹೋಗುತ್ತದೆ. ಇದೊಂದಕ್ಕೇ ಸೆಕೆಗಾಲಕ್ಕೆ ಟ್ಯಾಂಕ್ ಮೇಲು ಎನ್ನುತ್ತೇವೆ.

ಗಾಳಿ ಸಾಲದೆ ಹೋದರೆ ಬೆಳಗ್ಗೆ ಆರಕ್ಕೆ ಗೊತ್ತಾಗುತ್ತದೆ. ಚಾವಣಿಯ ಒಳಮೈಯಲ್ಲಿ ಸಾಲಾಗಿ ಹನಿ ನಿಂತಿರುತ್ತದೆ, ಬೆರಳು ತಾಗಿಸಿದರೆ ಜಾರಿ ನೆಲಕ್ಕೆ ಹಾಸಿದ ಹೊಟ್ಟಿನ ಮೇಲೆ ಬೀಳುತ್ತದೆ. ಕೋಳಿಯ ಉಸಿರು, ಮುಕ್ಕಾಲು ಪಾಲು ನೀರೇ ಇರುವ ಹಿಕ್ಕೆ, ಎರಡರ ತೇವವೂ ಅಲ್ಲಿದೆ. ಮರವಾದರೆ ಒಂದಿಷ್ಟು ಹೀರಿಕೊಳ್ಳುತ್ತದೆ, ಪ್ಲಾಸ್ಟಿಕ್ ಒಂದು ಹನಿಯನ್ನೂ ಹೀರದು. ಒದ್ದೆ ಹೊಟ್ಟಿನಿಂದ ಏಳುವ ಅಮೋನಿಯಾ ಕೋಳಿಯ ಕಣ್ಣು, ಉಸಿರು ಎರಡನ್ನೂ ಕೆಡಿಸುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಕೋಲಿನ ಎತ್ತರದಲ್ಲಿ ಥರ್ಮಾಮೀಟರ್ ತೂಗುಹಾಕಿ. ಹೊರಗಿನ ನೆರಳಿಗಿಂತ 3 ಡಿಗ್ರಿ ಜಾಸ್ತಿ ತೋರಿಸಿದರೆ ಕಿಟಕಿ ದೊಡ್ಡದಾಗಬೇಕು.

ಜಾಗಕ್ಕೆ ಮನೆಯ ಪೂರ್ವ ಅಥವಾ ಉತ್ತರದ ಮಗ್ಗುಲು ಒಳ್ಳೆಯದು. ಪಶ್ಚಿಮದ ಬಿಸಿಲು ಬೀಳುವುದಾದರೆ ಗೂಡಿನಿಂದ ಒಂದಡಿ ಮೇಲಕ್ಕೆ ಶೇಡ್ ನೆಟ್ ಕಟ್ಟಿ. ನೆಟ್ ಗೂಡಿಗೆ ತಾಗಿದರೆ ಪ್ರಯೋಜನ ಅರ್ಧ ಹೋಯಿತು. ನಾಲ್ಕು ಮೂಲೆಗೆ ಸಾಲಿಡ್ ಬ್ಲಾಕ್ ಇಟ್ಟು ಒಂದಡಿ ಎತ್ತರಿಸಿದರೆ ಅಡಿಯಲ್ಲಿ ಹೆಗ್ಗಣ ಗೂಡು ಕಟ್ಟುವುದಿಲ್ಲ, ಹಗಲು ಕೋಳಿಗೂ ನೆರಳು. ಹಗಲು ಕೋಳಿ ಓಡಾಡುವ, ಬೇಲಿ ಹಾಕಿದ ಆವರಣದ ಸುತ್ತ ವೆಲ್ಡ್ ಮೆಶ್ಶನ್ನು ಹೊರಮುಖವಾಗಿ ಒಂದಡಿ ಹಾಸಿ ಮೂರು ಇಂಚು ಮಣ್ಣು ಮುಚ್ಚಿ. ಹೆಗ್ಗಣ ಬೇಲಿಯ ಬುಡದಲ್ಲೇ ತೋಡುತ್ತದೆ, ಜಾಲರಿ ಅಡ್ಡ ಬಂದರೆ ಬಿಟ್ಟುಹೋಗುತ್ತದೆ. ಷಟ್ಕೋನದ ಚಿಕನ್ ಮೆಶ್ ಕೋಳಿಯನ್ನು ಒಳಗಿಡುತ್ತದೆ ಅಷ್ಟೇ, ನಾಯಿಯನ್ನು ತಡೆಯದು. ಇಲಿ ಕಡಿಯುವ ಬಾಗಿಲಿನ ಕೆಳಮೂಲೆಗೆ ಅಲ್ಯೂಮಿನಿಯಂ ಆಂಗಲ್ ಹೊಡೆಯಿರಿ. ತಾರಸಿಯಲ್ಲಿಡುವವರು ಜೂನ್–ಜುಲೈ ಗಾಳಿಗೆ ಗೂಡನ್ನು ಬ್ಲಾಕಿಗೆ ಕಟ್ಟಬೇಕು, ಗೂಡು ತೊಳೆದ ನೀರು ಮಳೆನೀರು ಕೊಯ್ಲಿನ ಪೈಪಿಗೆ ಸೇರದಂತೆ ನೋಡಿಕೊಳ್ಳಬೇಕು.

ಒಳಗೆ ಪ್ಲಾಸ್ಟಿಕ್ ಕೋಲಿದ್ದರೆ ತೆಗೆದುಹಾಕಿ, ಕಾಲು ಜಾರುತ್ತದೆ. 2 ಇಂಚು ಅಗಲದ ಮರದ ರೀಪರಿನ ಅಂಚು ಉಜ್ಜಿ ದುಂಡಗೆ ಮಾಡಿ, ಕೋಳಿಗೆ ತಲಾ 9 ಇಂಚಿನಂತೆ, ನೆಲದಿಂದ ಒಂದೂವರೆ ಅಡಿ ಮೇಲೆ ಕೂರಿಸಿ. ಮೊಟ್ಟೆಯ ಗೂಡು, ಅಂದರೆ ಒಂದಡಿ ಚೌಕದ ಒಂದು ಪೆಟ್ಟಿಗೆ, ಕೋಲಿಗಿಂತ ಕೆಳಗಿರಲಿ. ಮೇಲಿದ್ದರೆ ಅಲ್ಲೇ ಮಲಗಿ ಮೊಟ್ಟೆಯನ್ನೆಲ್ಲ ಹಿಕ್ಕೆ ಮಾಡುತ್ತವೆ. ನೆಲಕ್ಕೆ ಮೂರು ಇಂಚು ಭತ್ತದ ಹೊಟ್ಟು.

ತೊಳೆಯುವಾಗ ಹಿಕ್ಕೆಯನ್ನು ಪೂರ್ತಿ ಕೆರೆದು ನೀರು ಹಾಯಿಸಿದ ಮೇಲೆಯೇ ಬ್ಲೀಚಿಂಗ್ ಪೌಡರ್ ಬಳಸಿ. ಹಿಕ್ಕೆಯ ಅಮೋನಿಯಾದ ಜೊತೆ ಬೆರೆತರೆ ವಿಷಗಾಳಿ ಏಳುತ್ತದೆ. ಕೋಳಿಯನ್ನು ಒಣಗಿದ ಗೂಡಿಗೇ ಬಿಡಿ. ಹೊಸ ಗೂಡಾದರೆ ನಾಲ್ಕೈದು ದಿನ ಗೂಡು ಮತ್ತು ಆವರಣದಲ್ಲೇ ಕೂಡಿಹಾಕಿ, ಆಮೇಲೆ ಮೊದಲ ಸಲ ಹೊರಗೆ ಬಿಡುವುದು ಸಂಜೆ ಐದಕ್ಕಿರಲಿ. ಕತ್ತಲಾಗುವಷ್ಟರಲ್ಲಿ ತಾವಾಗಿ ಒಳಹೋಗುತ್ತವೆ.