ಕಾಲೇಜು ಲೈಬ್ರರಿಗೆ ಕೋಹಾ: ಕನ್ನಡ ಪುಸ್ತಕ ಹುಡುಕಿದರೆ ಸಿಗುತ್ತಾ?

ಒಂದು ಡಿಗ್ರಿ ಕಾಲೇಜಿನ ವೆಬ್‌ಸೈಟು, ಲೈಬ್ರರಿ ಕ್ಯಾಟಲಾಗು ಎರಡನ್ನೂ ನೋಡಿಕೊಳ್ಳುವ ಕೆಲಸ ನನ್ನದು. ಲೈಬ್ರರಿ ಕೆಲಸವನ್ನೆಲ್ಲ ಕಂಪ್ಯೂಟರಿನಲ್ಲಿ ನಡೆಸುವ ಕೋಹಾ ಹಾಕಿಸೋಣವಾ ಬೇಡವಾ ಅಂತ ಬೇರೆ ಕಾಲೇಜಿನ ಲೈಬ್ರರಿಯನ್‌ಗಳು ಆಗಾಗ ಕೇಳುತ್ತಿರುತ್ತಾರೆ. ಮೊದಲೇ ಹೇಳಿಬಿಡುತ್ತೇನೆ, ಹಾಕಿಸಿ. ಒಳ್ಳೆಯ ಸಾಫ್ಟ್‌ವೇರ್. ಆದರೆ ಇನ್‌ಸ್ಟಾಲ್ ಮಾಡಿದವರು ಹೇಗೆ ಬಿಟ್ಟುಹೋದರೋ ಹಾಗೇ ಇಟ್ಟುಕೊಂಡರೆ ಕನ್ನಡ ಪುಸ್ತಕ ಹುಡುಕುವವರಿಗೆ ಅದರಿಂದ ಉಪಯೋಗ ಬಹಳ ಕಮ್ಮಿ. ನಮ್ಮಲ್ಲಿ ಬಿಎ ಓದುವ ಎಷ್ಟೋ ಮಕ್ಕಳು ಕನ್ನಡದಲ್ಲೇ ಓದಿ ಕನ್ನಡದಲ್ಲೇ ಪರೀಕ್ಷೆ ಬರೆಯುತ್ತಾರೆ. ಅವರು ಹುಡುಕಿದ ಪುಸ್ತಕ ಕಪಾಟಿನಲ್ಲಿದ್ದೂ ಕಂಪ್ಯೂಟರ್ 'ಇಲ್ಲ' ಅಂದರೆ ಉಳಿದ ಸೌಲಭ್ಯಗಳನ್ನೆಲ್ಲ ಹೊಗಳಿ ಏನು ಮಾಡೋಣ? ಹಾಗಾಗಿ ಇಲ್ಲಿ ಹುಡುಕಾಟದ ಮಾತೇ ಜಾಸ್ತಿ ಇರುತ್ತದೆ.

ಕೋಹಾ ಹುಟ್ಟಿದ್ದು 1999ರಲ್ಲಿ, ನ್ಯೂಜಿಲೆಂಡಿನ ಹೊರೊಫೆನುವಾ ಲೈಬ್ರರಿ ಟ್ರಸ್ಟಿಗಾಗಿ. 2000ನೇ ಇಸವಿ ಬಂದರೆ ಅವರ ಹಳೆಯ ಸಿಸ್ಟಮ್ ಕೈಕೊಡಬಹುದು ಎನ್ನುವ ಭಯವಿತ್ತು, ಕಟಿಪೊ ಎನ್ನುವ ಕಂಪನಿ ಹೊಸದೊಂದನ್ನು ಬರೆದುಕೊಟ್ಟಿತು, 2000ದ ಜನವರಿಯಲ್ಲಿ ಅದು ಬಳಕೆಗೆ ಬಂತು. ಅದನ್ನು ಜಿಪಿಎಲ್ ಎನ್ನುವ ಮುಕ್ತ ಲೈಸೆನ್ಸಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದರಿಂದ ಇವತ್ತು ನಾವು ಒಂದು ರೂಪಾಯಿ ಲೈಸೆನ್ಸ್ ಫೀ ಇಲ್ಲದೆ ಬಳಸುತ್ತಿದ್ದೇವೆ. ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರಿನಲ್ಲಿ, ಹೊಸ ಆವೃತ್ತಿ ಬರುತ್ತದೆ. ಡೆಬಿಯನ್ ಅಥವಾ ಉಬುಂಟು (ಎರಡೂ ಲಿನಕ್ಸ್) ಇರುವ ಒಂದು ಸರ್ವರ್ ಸಾಕು, ಉಳಿದವರೆಲ್ಲ ಬ್ರೌಸರಿನಲ್ಲೇ ಕೆಲಸ ಮಾಡಬಹುದು.

ದಿನದ ಕೆಲಸದಲ್ಲಿ ಕೋಹಾ ಬಗ್ಗೆ ನನಗೆ ದೂರಿಲ್ಲ. ಪುಸ್ತಕ ಕೊಡುವುದು, ವಾಪಸ್ ತಗೊಳ್ಳುವುದು, ಬಾರ್‌ಕೋಡ್, ದಂಡ, ಸ್ಟಾಕ್ ವೆರಿಫಿಕೇಷನ್ ಎಲ್ಲ ಸಲೀಸು. ವಿದ್ಯಾರ್ಥಿ ತನ್ನ ಫೋನಿನಲ್ಲೇ ಲಾಗಿನ್ ಆಗಿ ಪುಸ್ತಕ ರಿನ್ಯೂ ಮಾಡಬಹುದು. ರಿಪೋರ್ಟ್ ಬೇಕೆಂದರೆ ಎಸ್‌ಕ್ಯುಎಲ್ ಎನ್ನುವ ಡೇಟಾಬೇಸ್ ಭಾಷೆಯಲ್ಲಿ ಬರೆದು ಯಾವ ಮೂಲೆಯ ಮಾಹಿತಿಯನ್ನಾದರೂ ತೆಗೆಯಬಹುದು, ಇದು ನನಗೆ ಬಹಳ ಇಷ್ಟ. ಕನ್ನಡ ಇಂಟರ್‌ಫೇಸ್ ಕೂಡ ಇದೆ, ಆದರೆ ಅನುವಾದ ಪೂರ್ತಿಯಾಗಿಲ್ಲ, ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಕಾಣುತ್ತದೆ.

ಈಗ ಹುಡುಕಾಟಕ್ಕೆ ಬರೋಣ.

ಕೋಹಾದ ಒಳಗೆ ಹುಡುಕುವ ಕೆಲಸ ಮಾಡುವುದು ಜೀಬ್ರಾ ಎನ್ನುವ ಬೇರೆಯೇ ಎಂಜಿನ್. ಮಾಮೂಲಿ ಇನ್‌ಸ್ಟಾಲ್‌ನಲ್ಲಿ ಅದು ಯಾವ ಅಕ್ಷರವನ್ನು ಹೇಗೆ ಓದಬೇಕು ಅಂತ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ, ಆ ಪಟ್ಟಿ ಲ್ಯಾಟಿನ್ ಲಿಪಿಗೆ ಮಾಡಿದ್ದು. ಕನ್ನಡದಲ್ಲಿ ಎಂಟ್ರಿ ಮಾಡಿದ ಪುಸ್ತಕ ದಾಖಲೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ, ಹುಡುಕಿದರೆ ಮಾತ್ರ ಸರಿಯಾಗಿ ಬರುವುದಿಲ್ಲ. ಇದಕ್ಕೆ ಪರಿಹಾರ ಐಸಿಯು ಇಂಡೆಕ್ಸಿಂಗ್, ಅಂದರೆ ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನೂ ಬಲ್ಲ ನಿಯಮಗಳಿಂದ ಹುಡುಕುವ ಪಟ್ಟಿ ಕಟ್ಟುವುದು. ಜೀಬ್ರಾದ ಸೆಟ್ಟಿಂಗ್ ಫೋಲ್ಡರಿನಲ್ಲಿ ಡಿಫಾಲ್ಟ್ ಡಾಟ್ ಐಡಿಎಕ್ಸ್ ಎನ್ನುವ ಫೈಲ್ ಇರುತ್ತದೆ, ಅದರಲ್ಲಿ ಚಾರ್‌ಮ್ಯಾಪ್ ಅಂತಿರುವ ಸಾಲುಗಳ ಜಾಗದಲ್ಲಿ ಐಸಿಯು ಚೈನ್ ಹಾಕಿ, ಪೂರ್ತಿ ಇಂಡೆಕ್ಸ್ ಮತ್ತೆ ಕಟ್ಟಬೇಕು. ಗೊತ್ತಿದ್ದವರಿಗೆ ಒಂದು ಮಧ್ಯಾಹ್ನದ ಕೆಲಸ. ಇಷ್ಟು ಮಾಡದೆ 'ಕೋಹಾದಲ್ಲಿ ಕನ್ನಡ ವರ್ಕ್ ಆಗಲ್ಲ' ಅಂತ ತೀರ್ಮಾನ ಮಾಡಿ, ಕನ್ನಡ ಪುಸ್ತಕಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಎಂಟ್ರಿ ಮಾಡಿಟ್ಟ ಲೈಬ್ರರಿಗಳನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. ನಿಮ್ಮ ವೆಂಡರ್ ಜೊತೆ ಮಾತಾಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಐಸಿಯು ಹಾಕಿಕೊಡುತ್ತೀರಾ? ಬಾಯಿಮಾತಿಗೆ ಒಪ್ಪಬೇಡಿ. ಎದುರಿಗೆ ಕೂರಿಸಿಕೊಂಡು ಒಂದು ಕನ್ನಡ ಪದ ಟೈಪ್ ಮಾಡಿ, ಪುಸ್ತಕ ಬಂದ ಮೇಲೆ ಬಿಲ್ಲಿಗೆ ಸಹಿ ಹಾಕಿ.

ಐಸಿಯು ಆದ ಮೇಲೂ ಕನ್ನಡದ ವ್ಯಾಕರಣ ಉಳಿದುಕೊಳ್ಳುತ್ತದೆ. ಪುಸ್ತಕದ ಹೆಸರಿನಲ್ಲಿ 'ಕರ್ನಾಟಕದ' ಅಂತಿದೆ, ಹುಡುಗ 'ಕರ್ನಾಟಕ' ಅಂತ ಟೈಪ್ ಮಾಡುತ್ತಾನೆ. ಪದದ ಕೊನೆಯಲ್ಲಿ ಏನಿದ್ದರೂ ಸರಿ ಅಂತ ಹೇಳುವ ಕ್ವೆರಿಆಟೋಟ್ರಂಕೇಟ್ ಎನ್ನುವ ಸೆಟ್ಟಿಂಗ್ ಇದೆ, ಅದು ಆನ್ ಆಗಿದೆಯಾ ನೋಡಿಕೊಳ್ಳಿ, ಆಗ ಇದು ಸಿಗುತ್ತದೆ. ಆದರೆ 'ಬೆಂಗಳೂರು' ಅಂತ ಹುಡುಕಿದರೆ 'ಬೆಂಗಳೂರಿನ' ಸಿಗುವುದಿಲ್ಲ. ಯಾಕೆಂದರೆ ಕಂಪ್ಯೂಟರಿಗೆ 'ರು' ಅಂದರೆ ಎರಡು ತುಂಡು, ರ ಒಂದು, ಉಕಾರದ ಕೊಂಬು ಇನ್ನೊಂದು. 'ರಿ'ಯಲ್ಲಿ ಆ ಕೊಂಬಿನ ಜಾಗದಲ್ಲಿ ಗುಡಿಸು ಬಂದಿರುತ್ತದೆ, ಅಲ್ಲಿಗೆ ಹೊಂದಾಣಿಕೆ ತಪ್ಪಿತು. 'ಬೆಂಗಳೂರ' ಅಂತ ಕೊಂಬಿಲ್ಲದೆ ಹುಡುಕಿದರೆ ಎರಡೂ ಬರುತ್ತವೆ. ಮೈಸೂರು, ಮಂಗಳೂರು, ಊರು ಅಂತ ಕೊನೆಯಾಗುವ ಎಲ್ಲದಕ್ಕೂ ಇದೇ ಕಥೆ. ಇಂಗ್ಲಿಷಿನಲ್ಲಿ ಪದದ ಬುಡ ಹಿಡಿದು ಹುಡುಕುವ ವ್ಯವಸ್ಥೆ ಇದೆ, ಕನ್ನಡಕ್ಕೆ ಇಲ್ಲ. ಜೀಬ್ರಾ ಬದಲು ಇಲಾಸ್ಟಿಕ್‌ಸರ್ಚ್ ಹಾಕಿಕೊಳ್ಳಬಹುದು, ಕೋಹಾ ಅದನ್ನೂ ಒಪ್ಪುತ್ತದೆ. ಅದರಲ್ಲಿ ಹಿಂದಿಗೆ, ಬಂಗಾಳಿಗೆ ಪದದ ಬುಡ ಗುರುತಿಸುವ ಸಿದ್ಧ ಅನಲೈಸರ್ ಇದೆ, ಕನ್ನಡಕ್ಕೆ ಇಲ್ಲ. ಕನ್ನಡ ಬಲ್ಲ ಇಷ್ಟೊಂದು ಸಾಫ್ಟ್‌ವೇರ್ ಎಂಜಿನಿಯರ್‌ಗಳು ಇರುವ ರಾಜ್ಯ ನಮ್ಮದು. ಒಬ್ಬರಿಬ್ಬರು ಮನಸ್ಸು ಮಾಡಿ ಇದೊಂದನ್ನು ಮಾಡಿಕೊಟ್ಟರೆ ಪ್ರತಿ ಲೈಬ್ರರಿಗೂ ಉಪಕಾರವಾಗುತ್ತದೆ.

ಇನ್ನೊಂದು ಕಣ್ಣಿಗೇ ಕಾಣದ ಕಾಟ. 'ಮ್ಯಾನೇಜ್‌ಮೆಂಟ್' ಅಂತ ಟೈಪ್ ಮಾಡುವಾಗ ಜ್ ಆದ ಮೇಲೆ ಒತ್ತಕ್ಷರ ಆಗದಂತೆ ತಡೆಯಲು ಒಂದು ಅಗೋಚರ ಅಕ್ಷರ ಹಾಕುತ್ತೇವೆ, ಸೊನ್ನೆ ಅಗಲದ್ದು. ಎಂಟ್ರಿ ಮಾಡಿದವರು ಅದನ್ನು ಹಾಕಿರುತ್ತಾರೆ, ಫೋನಿನಲ್ಲಿ ಹುಡುಕುವ ಹುಡುಗಿ ಹಾಕಿರುವುದಿಲ್ಲ. ಬಿಕಾಂ ಪುಸ್ತಕಗಳ ಹೆಸರಿನಲ್ಲಿ ಇಂಥ ಪದಗಳೇ ತುಂಬಿವೆ ಅಲ್ವಾ? ಐಸಿಯು ಫೈಲಿನಲ್ಲಿ ಆ ಅಕ್ಷರವನ್ನು ತೆಗೆದುಹಾಕುವ ಒಂದು ಸಾಲು ಸೇರಿಸಿದರೆ ಎರಡು ಕಡೆಯೂ ಒಂದೇ ಆಗುತ್ತದೆ. ಈ ಒಂದು ಸಾಲಿನಿಂದ ಆಗುವ ಅನುಕೂಲ ಬಹಳ ದೊಡ್ಡದು.

ಲೇಖಕರ ಹೆಸರಿನ ವಿಷಯದಲ್ಲಿ ಮಾತ್ರ ಕೋಹಾ ಬಹಳ ಚೆನ್ನಾಗಿದೆ, ನಾವೇ ಬಳಸಿಕೊಳ್ಳುವುದಿಲ್ಲ. ಕುವೆಂಪು ಅವರ ಪುಸ್ತಕ ಒಂದು ಕಡೆ 'ಕುವೆಂಪು', ಇನ್ನೊಂದು ಕಡೆ 'ಪುಟ್ಟಪ್ಪ, ಕೆ. ವಿ.', ಮತ್ತೊಂದು ಕಡೆ ಇಂಗ್ಲಿಷ್ ಅಕ್ಷರದಲ್ಲಿ ಎಂಟ್ರಿ ಆಗಿರುತ್ತದೆ. ಅಥಾರಿಟಿ ರೆಕಾರ್ಡ್ (ಒಬ್ಬ ಲೇಖಕರ ಎಲ್ಲ ಹೆಸರುಗಳನ್ನೂ ಒಂದೆಡೆ ಇಡುವ ದಾಖಲೆ) ಒಂದನ್ನು ಮಾಡಿ, ಮುಖ್ಯ ಹೆಸರು ಕುವೆಂಪು ಅಂತ ಇಟ್ಟು, ಉಳಿದ ರೂಪಗಳನ್ನೆಲ್ಲ ಅದರ 400ನೇ ಟ್ಯಾಗಿನಲ್ಲಿ (ಬೇರೆ ಹೆಸರುಗಳ ಅಂಕಣ) ಹಾಕಿ, ಪುಸ್ತಕಗಳನ್ನು ಅದಕ್ಕೆ ಜೋಡಿಸಿ, ಆ ರೂಪಗಳನ್ನೂ ಹುಡುಕಾಟಕ್ಕೆ ಸೇರಿಸು ಅಂತ ಹೇಳುವ ಸೆಟ್ಟಿಂಗ್ ಆನ್ ಮಾಡಿ ಇಂಡೆಕ್ಸ್ ಕಟ್ಟಿದರೆ, ಯಾವ ಹೆಸರಿನಿಂದ ಹುಡುಕಿದರೂ ಎಲ್ಲ ಪುಸ್ತಕವೂ ಒಟ್ಟಿಗೆ ಬರುತ್ತವೆ. ಬೇಂದ್ರೆಯವರಿಗೆ ಅಂಬಿಕಾತನಯದತ್ತ ಅಂತ ಸೇರಿಸಿ. ಕಾವ್ಯನಾಮದಲ್ಲಿ ಬರೆದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ, ಕನ್ನಡ ವಿಭಾಗದ ಮೇಷ್ಟ್ರು ಒಬ್ಬರು ಜೊತೆಗೆ ಕೂತರೆ ಪಟ್ಟಿ ಮಾಡುವುದು ಕಷ್ಟವೇನಲ್ಲ.

ಹೊಸದಾಗಿ ಡೇಟಾ ಏರಿಸುವವರಿಗೆ ಎರಡು ಮಾತು. ಇಂಗ್ಲಿಷ್ ಪುಸ್ತಕವಾದರೆ ಐಎಸ್‌ಬಿಎನ್ ಕೊಟ್ಟು ಜೆಡ್ 39.50 (ಬೇರೆ ಲೈಬ್ರರಿಯ ದಾಖಲೆ ತರಿಸಿಕೊಳ್ಳುವ ವ್ಯವಸ್ಥೆ) ಮೂಲಕ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ರೆಕಾರ್ಡ್ ಎಳೆದುಕೊಳ್ಳಬಹುದು, ಅರ್ಧ ಕೆಲಸ ಅಲ್ಲೇ ಮುಗಿಯಿತು. ಹಳೆಯ ಕನ್ನಡ ಪುಸ್ತಕಗಳಿಗೆ ಐಎಸ್‌ಬಿಎನ್ನೇ ಇರುವುದಿಲ್ಲ. ಅಲ್ಲಿ ಸಿಕ್ಕರೂ ಹೆಸರು ಬಹಳ ಸಲ ರೋಮನ್ ಲಿಪಿಯಲ್ಲಿ, ಅಕ್ಷರದ ಮೇಲೆ ಕೆಳಗೆ ಗೆರೆ ಚುಕ್ಕಿಗಳ ಸಮೇತ ಇರುತ್ತದೆ. ನಾನು ಮಾಡುವುದು ಹೀಗೆ: ರೆಕಾರ್ಡಿನ 245ನೇ ಟ್ಯಾಗಿನಲ್ಲಿ ಹೆಸರು ಕನ್ನಡ ಲಿಪಿಯಲ್ಲಿ, 246ರಲ್ಲಿ ಅದೇ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಮಕ್ಕಳು ವಾಟ್ಸಾಪಿನಲ್ಲಿ ಹೇಗೆ ಬರೆಯುತ್ತಾರೋ ಹಾಗೆ. ಕನ್ನಡ ಕೀಬೋರ್ಡ್ ಬಾರದವರಿಗೂ ಪುಸ್ತಕ ಸಿಗಬೇಕಲ್ಲ.

ಇನ್ನು ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಎಕ್ಸೆಲ್ ಮಾಡಿಟ್ಟುಕೊಂಡವರು ನೇರವಾಗಿ ಇಂಪೋರ್ಟ್ ಮಾಡಬೇಡಿ. ಫಾಂಟ್ ತೆಗೆದರೆ ಅದು ಕನ್ನಡವೇ ಅಲ್ಲ, ಲ್ಯಾಟಿನ್ ಅಕ್ಷರಗಳ ರಾಶಿ. ಯೂನಿಕೋಡ್‌ಗೆ ಬದಲಾಯಿಸುವಾಗ ಕಾಲಂ ಕಾಲಂ ಆಗಿ ಮಾಡಿ. ಇಡೀ ಶೀಟನ್ನು ಒಟ್ಟಿಗೆ ಕನ್ವರ್ಟರಿಗೆ ಹಾಕಿದರೆ ಇಂಗ್ಲಿಷ್ ಹೆಸರುಗಳೂ ಪ್ರಕಾಶಕರ ವಿಳಾಸಗಳೂ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ನೋಡಿ ಸರಿಮಾಡಲೇಬೇಕು, ಬೇರೆ ದಾರಿ ಇಲ್ಲ.

ಕ್ಯಾಟಲಾಗ್ ಎಷ್ಟು ಚೆನ್ನಾಗಿದ್ದರೂ ಕಾಲೇಜಿನ ವೆಬ್‌ಸೈಟಿನಿಂದ ಅಲ್ಲಿಗೆ ದಾರಿ ಇರಬೇಕು. ಒಂದು ಕಾಲೇಜಿನ ಸೈಟಿನಲ್ಲಿ 'ಓಪ್ಯಾಕ್' (ಆನ್‌ಲೈನ್ ಕ್ಯಾಟಲಾಗ್) ಅಂತ ಒತ್ತಿದರೆ 192.168ರಿಂದ ಶುರುವಾಗುವ ವಿಳಾಸಕ್ಕೆ ಹೋಗುತ್ತಿತ್ತು. ಅದು ಕ್ಯಾಂಪಸ್ ಒಳಗಿನ ನೆಟ್‌ವರ್ಕಿನ ವಿಳಾಸ, ಮನೆಯಲ್ಲಿ ಕೂತ ವಿದ್ಯಾರ್ಥಿಗೆ ಅದು ಯಾವತ್ತೂ ತೆರೆಯುವುದಿಲ್ಲ. ಇನ್‌ಸ್ಟಾಲ್ ಮಾಡಿದವರು ಕಾಲೇಜಿನ ಒಳಗೇ ಕೂತು ಪರೀಕ್ಷೆ ಮಾಡಿ ಹೋಗಿರುತ್ತಾರೆ, ಆಮೇಲೆ ಯಾರೂ ಹೊರಗಿನಿಂದ ನೋಡಿರುವುದಿಲ್ಲ. ಇವತ್ತೇ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನಿಮ್ಮ ಕಾಲೇಜಿನ ಲಿಂಕ್ ಒತ್ತಿ ನೋಡಿ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಅಂತ ಸಾಫ್ಟ್‌ವೇರ್ ಹಾಕಿಸುವುದು ತಪ್ಪೇನಲ್ಲ, ಲೈಬ್ರರಿ ಆಟೊಮೇಷನ್ ಬಗ್ಗೆ ಅವರು ಕೇಳಿಯೇ ಕೇಳುತ್ತಾರೆ. ಆದರೆ ಅವರು ಹೋದ ಮರುದಿನದಿಂದ ಅದನ್ನು ಬಳಸುವವರು ಮಕ್ಕಳು. ಹುಡುಕುವ ಬಾಕ್ಸ್ ಮುಖಪುಟದಲ್ಲೇ ಇರಲಿ. ಜರ್ನಲ್ ಲೇಖನಗಳು ಕೋಹಾದಲ್ಲಿ ಸಿಗುವುದಿಲ್ಲ, ಅದಕ್ಕೆ ಕಾಲೇಜುಗಳಿಗೆ ಆನ್‌ಲೈನಿನಲ್ಲಿ ಜರ್ನಲ್ ಕೊಡುವ ಎನ್‌-ಲಿಸ್ಟ್ ಇದೆ, ಸರ್ಕಾರಿ ಸಂಸ್ಥೆಗಳಿಗೆ 2025ರ ಜನವರಿಯಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಎನ್ನುವ ಅಂಥದ್ದೇ ಯೋಜನೆ ಕೂಡ ಬಂದಿದೆ. ಪುಸ್ತಕಕ್ಕೆ ಇಲ್ಲಿ, ಲೇಖನಕ್ಕೆ ಅಲ್ಲಿ ಅಂತ ಎರಡು ಸಾಲು ಕನ್ನಡದಲ್ಲಿ ಬರೆದು ಹಾಕಿ. ಹಳೆಯ ಪ್ರಶ್ನೆಪತ್ರಿಕೆ, ನೋಟಿಸುಗಳನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ ಏರಿಸುವುದನ್ನು ಆದಷ್ಟು ಕಮ್ಮಿ ಮಾಡಿ. ಅದು ಬರೀ ಚಿತ್ರ, ಹುಡುಕಿದರೆ ಸಿಗುವುದಿಲ್ಲ, ದೃಷ್ಟಿ ಇಲ್ಲದ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಅದನ್ನು ಓದುವುದೂ ಇಲ್ಲ.

ಈಚೆಗೆ ಹೊಸ ತಲೆನೋವು ಒಂದು ಶುರುವಾಗಿದೆ. ಎಐ ಕಂಪನಿಗಳ ಬಾಟ್‌ಗಳು ಪ್ರಪಂಚದ ಲೈಬ್ರರಿ ಕ್ಯಾಟಲಾಗ್‌ಗಳ ಮೇಲೆ ಮುಗಿಬಿದ್ದಿವೆ. ಫಲಿತಾಂಶದ ಪಕ್ಕದಲ್ಲಿ ಲೇಖಕ, ವಿಷಯ, ಭಾಷೆ ಅಂತ ಆರಿಸುವ ಲಿಂಕುಗಳಿರುತ್ತವಲ್ಲ, ಅವನ್ನು ಒಂದರ ಮೇಲೊಂದು ಒತ್ತುತ್ತಾ ಹೋದರೆ ಕೊನೆಯೇ ಇಲ್ಲ, ಪ್ರತಿ ಒತ್ತಿಗೂ ಸರ್ವರ್ ಹೊಸದಾಗಿ ಹುಡುಕಬೇಕು. ಸಣ್ಣ ಸರ್ವರ್ ಆದರೆ ಉಸಿರು ಕಟ್ಟುತ್ತದೆ, ಕೌಂಟರಿನಲ್ಲಿ ಪುಸ್ತಕ ಕೊಡುವುದೂ ನಿಧಾನವಾಗುತ್ತದೆ. 'ಇಲ್ಲಿ ಬರಬೇಡಿ' ಅನ್ನುವ ರೋಬೋಟ್ಸ್ ಫೈಲ್ ಹಾಕಿದರೂ ಎಷ್ಟೋ ಬಾಟ್‌ಗಳು ಕೇಳುವುದಿಲ್ಲ. ಒಂದೇ ಕಡೆಯಿಂದ ಬರುವ ಬೇಡಿಕೆಗೆ ಮಿತಿ ಹಾಕುವುದು, ಅಥವಾ ಸರ್ವರಿನ ಮುಂದೆ ಬಾಟ್ ತಡೆಯುವ ಕ್ಲೌಡ್‌ಫ್ಲೇರ್‌ನಂಥದ್ದನ್ನು ನಿಲ್ಲಿಸುವುದು, ಇವೆರಡೇ ಸದ್ಯಕ್ಕೆ ಕೈಗೆಟುಕುವ ದಾರಿ.

ಕೋಹಾ ಎಲ್ಲರಿಗೂ ಅಲ್ಲ ಅನ್ನುವುದನ್ನೂ ಹೇಳಬೇಕು. ಸರ್ವರ್ ನೋಡಿಕೊಳ್ಳುವವರು ಯಾರೂ ಇಲ್ಲದ ಸರ್ಕಾರಿ ಕಾಲೇಜಾದರೆ ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿಯ ಇ-ಗ್ರಂಥಾಲಯ ವಾಸಿ, ಸರ್ವರ್ ಭಾರ ಅವರದ್ದೇ. ಗಾಂಧಿನಗರದ ಇನ್‌ಫ್ಲಿಬ್‌ನೆಟ್‌ನ ಸೋಲ್ ಸಾಫ್ಟ್‌ವೇರ್ ಬಳಸುತ್ತಿದ್ದು, ಕೆಲಸ ಚೆನ್ನಾಗಿ ನಡೆಯುತ್ತಿದೆ ಅಂದರೆ ಸುಮ್ನೆ ಬದಲಾಯಿಸಬೇಡಿ, ಮೊದಲು ಡೇಟಾ ಸ್ವಚ್ಛ ಮಾಡಿಕೊಳ್ಳಿ. ಮಾರ್ಕ್ 21 ಎನ್ನುವ ಲೈಬ್ರರಿ ದಾಖಲೆಯ ಮಾದರಿಯಲ್ಲಿ ಡೇಟಾ ಇದ್ದರೆ ಯಾವಾಗ ಬೇಕಾದರೂ ಕೋಹಾಕ್ಕೆ ಬರಬಹುದು. ಆದರೆ ಲಿನಕ್ಸ್ ಕಲಿಯುವ ಆಸೆ ಇರುವ ಒಬ್ಬರು ಲೈಬ್ರರಿಯಲ್ಲಿ ಇದ್ದರೆ, ವಾರಕ್ಕೆ ಒಂದೆರಡು ಗಂಟೆಯನ್ನು ಈ ಕೆಲಸಕ್ಕೇ ಅಂತ ಪ್ರಿನ್ಸಿಪಾಲರು ಬಿಟ್ಟುಕೊಟ್ಟರೆ, ಕೋಹಾಕ್ಕೆ ಸಾಟಿ ಇಲ್ಲ.

ಆ ಒಂದೆರಡು ಗಂಟೆಯಲ್ಲಿ ಏನು ಮಾಡುವುದು ಅಂದರೆ, ಮೊದಲು ಸೊನ್ನೆ ಫಲಿತಾಂಶ ಬಂದ ಹುಡುಕಾಟಗಳನ್ನು ನೋಡಿ. ಸರ್ಚ್ ಹಿಸ್ಟರಿ ಆನ್ ಇದ್ದರೆ ಲಾಗಿನ್ ಆದವರು ಏನು ಹುಡುಕಿದರು, ಎಷ್ಟು ಸಿಕ್ಕಿತು ಎರಡೂ ಡೇಟಾಬೇಸಿನಲ್ಲಿ ಉಳಿಯುತ್ತದೆ, ಒಂದು ರಿಪೋರ್ಟಿನಿಂದ ತೆಗೆಯಬಹುದು. ಯಾರು ಹುಡುಕಿದರು ಅನ್ನುವುದು ಬೇಡ, ಪದ ಮಾತ್ರ ತೆಗೆಯಿರಿ, ಓದುವವರ ಗುಟ್ಟು ಅವರದ್ದು. ಆ ಪಟ್ಟಿಯ ಕೆಲವು ಪುಸ್ತಕಗಳು ನಿಜವಾಗಿಯೂ ನಿಮ್ಮಲ್ಲಿ ಇರುವುದಿಲ್ಲ, ಮುಂದಿನ ಖರೀದಿಗೆ ಬರೆದಿಟ್ಟುಕೊಳ್ಳಿ. ಉಳಿದವು 894.814ರ, ಅಂದರೆ ಕನ್ನಡ ಸಾಹಿತ್ಯದ, ಕಪಾಟಿನಲ್ಲೇ ಇರುತ್ತವೆ, ಹೆಸರಿನ ಕಾಗುಣಿತ ತಪ್ಪಾಗಿ ಎಂಟ್ರಿ ಆಗಿರುತ್ತದೆ ಅಷ್ಟೇ. ಅವನ್ನು ಆಗಲೇ ತಿದ್ದಿ. ಆಮೇಲೆ ಹೋದ ವಾರದ ಬ್ಯಾಕಪ್ ಫೈಲ್ ಸರ್ವರಿನಿಂದ ಆಚೆ, ಬೇರೆ ಕಟ್ಟಡದಲ್ಲಿರುವ ಒಂದು ಡಿಸ್ಕಿಗೆ ಹೋಗಿದೆಯಾ ಅಂತ ನೋಡಿ.